ಅಳಿಲಿಗೆ ಹದಿನಾಲ್ಕು, ಅಣಬೆಗೆ ಐದು

ಆ ಕಾಗದಕ್ಕೆ ಕಚೇರಿಯಲ್ಲಿ ತುಲನಾ ಪತ್ರ ಎಂದು ಹೆಸರು. ಹದಿನಾಲ್ಕು ಸಾಲು, ಎರಡು ಅಂಕಣ, ಕೆಳಗೆ ಒಂದು ಸಹಿ. ಉತ್ತರವಿದ್ದ ಸಾಲಿಗೆ ಒಂದು ಅಂಕ, ‘ಇಲ್ಲ’ ಎಂದು ಬರೆದ ಸಾಲಿಗೆ ಸೊನ್ನೆ. ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ ಗುಮಾಸ್ತರು ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು, ಬೇರೆ ಯಾರದೋ ಕರವಸ್ತ್ರವನ್ನು ಹಿಂದಿರುಗಿಸುವವರ ಹಾಗೆ ಹಿಂದಿರುಗಿಸುತ್ತಾರೆ.

ಚೀಟಿಯಮ್ಮನಿಗೆ ಅದು ಎರಡು ಸಲ ಹಿಂದಿರುಗಿ ಬಂದಿತ್ತು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆ ವಸ್ತುಸಂಗ್ರಹಾಲಯದ ಪ್ರತಿಯೊಂದು ಗಾಜಿನ ಮುಂದೆ ನಿಂತಿರುವ ಹೆಸರುಚೀಟಿಯೂ ಇಪ್ಪತ್ತೆರಡು ವರ್ಷದಿಂದ ಅವಳ ಕೈಬರಹ. ಚಿಟ್ಟೆ, ಚಿಪ್ಪು, ಮೂಳೆ, ಬೀಜ, ಯಾವುದರ ಬಗ್ಗೆಯಾದರೂ ಸರಿ, ಗೊತ್ತಿದ್ದಷ್ಟು ಬರೆಯುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದು ಅವಳ ಪದ್ಧತಿ. ‘ತಿಳಿದುಬಂದಿಲ್ಲ’ ಎಂಬ ಮಾತನ್ನು ಅವಳಷ್ಟು ಅಂದವಾಗಿ ಬರೆಯುವವರು ಇನ್ನೊಬ್ಬರಿಲ್ಲ ಎಂದು ಸಾಹೇಬರೇ ಒಮ್ಮೆ ಹೊಗಳಿದ್ದರು. ಹೊಗಳಿಕೆಯೋ ಕೊಂಕೋ ಅವಳಿಗೆ ಈವರೆಗೂ ತಿಳಿದುಬಂದಿಲ್ಲ.

ಇಷ್ಟಕ್ಕೂ ಆದದ್ದೇನೆಂದರೆ, ತಂಪುಕೋಣೆಯಲ್ಲಿ ಒಂದು ಗಾಜಿನ ಕಪಾಟು ಖಾಲಿಯಾಯಿತು. ಇಡೀ ಕಟ್ಟಡದಲ್ಲಿ ಬಿಸಿಲು ಬೀಳದ ಕೋಣೆ ಅದೊಂದೇ. ಉಳಿದದ್ದೆಲ್ಲ ಮೇಲಿನ ತಗಡಿನ ಅಟ್ಟಕ್ಕೆ ಹೋಗಬೇಕು. ಆ ಕಪಾಟಿಗೆ ಇಬ್ಬರು ಅರ್ಜಿ ಹಾಕಿದರು. ಒಬ್ಬರು ಪ್ರಾಣಿಗಳ ತೊಗಲಿಗೆ ಹತ್ತಿ ತುಂಬಿ ನಿಲ್ಲಿಸುವವರು. ಅವರು ತಂದದ್ದು ಒಂದು ಕೆಂಪಳಿಲು. ಇನ್ನೊಬ್ಬಳು ಮೇಣದಲ್ಲಿ ಗಿಡ, ಹೂವು, ಹಣ್ಣುಗಳ ಅಚ್ಚು ಮಾಡುವವಳು. ಅವಳು ತಂದದ್ದು ಹನ್ನೊಂದು ಕಂದುಟೊಪ್ಪಿ ಅಣಬೆ, ಕಾಡಿನಲ್ಲಿ ಎದ್ದ ಹಾಗೆಯೇ ಗುಂಪಾಗಿ, ಒಂದು ಮೊಗ್ಗು, ಒಂದು ಅರಳಿದ್ದು, ಒಂದು ಸುಕ್ಕುಗಟ್ಟಿದ್ದು. ಮೊದಲನೆಯವರು ಚೀಟಿಯಮ್ಮನ ಗಂಡ. ಎರಡನೆಯವಳು ಚೀಟಿಯಮ್ಮನ ತಂಗಿ. ಮೂವರೂ ಇರುವುದು ಒಂದೇ ಮನೆಯಲ್ಲಿ, ಉಣ್ಣುವುದು ಒಂದೇ ಮೇಜಿನ ಮೇಲೆ.

ಅಳಿಲು ಅಟ್ಟಕ್ಕೆ ಹೋದರೆ ಧೂಳು ಹಿಡಿದೀತು, ಅಷ್ಟೇ. ಅಣಬೆ ಹೋದರೆ ಮೊದಲ ಬೇಸಿಗೆಗೇ ಹನ್ನೊಂದೂ ಕುಸಿದು ಒಂದು ಮುದ್ದೆಯಾಗುತ್ತದೆ. ತಂಗಿ ಅವುಗಳಿಗಾಗಿ ಎರಡು ವರ್ಷ ಕೂತಿದ್ದಳು. ಈಗ ಅವಳ ಬಲಗೈ ಹೆಬ್ಬೆರಳು ನಡುಗುತ್ತದೆ, ಮೇಣ ತಿದ್ದುವ ಸೂಜಿ ಕೈಯಲ್ಲಿ ನಿಲ್ಲುವುದಿಲ್ಲ. ಇನ್ನೊಮ್ಮೆ ಮಾಡುವುದು ಆಗದ ಮಾತು. ಅದು ಮನೆಯಲ್ಲಿ ಮೂವರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಾಯಿಬಿಟ್ಟು ಹೇಳಿದ್ದು ಬೇರೆ. ಅರ್ಜಿ ಹಾಕಿದ ದಿನ ಗಂಡ ಅಣಬೆಗಳನ್ನು ನೋಡಿ, “ಆಟದ ಸಾಮಾನು ಚೆನ್ನಾಗಿದೆ,” ಅಂದರು. ತಂಗಿ, “ಸತ್ತದ್ದಕ್ಕೆ ಹತ್ತಿ ತುರುಕೋದು ದೊಡ್ಡ ವಿದ್ಯೆ,” ಅಂದಳು. ಅಂದಿನಿಂದ ಮೂರು ವಾರ ಭಾವ ನಾದಿನಿಯರ ನಡುವೆ ಮಾತಿಲ್ಲ. ಇದ್ದದ್ದೆಲ್ಲ ಚೀಟಿಯಮ್ಮನ ಮೂಲಕ.

“ನಿನ್ನ ತಂಗಿಗೆ ಹೇಳು, ಉಪ್ಪು ಈ ಕಡೆ ಸರಿಸಲಿ ಅಂತ.”

“ನಿನ್ನ ಗಂಡನಿಗೆ ಹೇಳಕ್ಕ, ಕೈ ಚಾಚಿದರೆ ಸಿಗತ್ತೆ ಅಂತ.”

“ಕೈ ಚಾಚಿದರೆ ಸಿಗತ್ತೆ ಅಂತೆ,” ಎಂದಳು ಚೀಟಿಯಮ್ಮ ಗೋಡೆಗೆ.

“ಕೇಳಿಸ್ತು. ನನಗೇನು ಕಿವುಡೇ?”

“ಕೇಳಿಸಿದರೆ ನನ್ನನ್ನು ಯಾಕೆ ನಡುವೆ ಅರೀತೀರಿ? ನಾನು ಮನುಷ್ಯಳೋ ಟೆಲಿಫೋನ್ ತಂತಿಯೋ?”

ಉಪ್ಪು ಇದ್ದಲ್ಲೇ ಇತ್ತು. ಅವಳೇ ಎದ್ದು ಸರಿಸಿದಳು.

ಇಂಥ ಮನೆಯ ಹೆಂಗಸಿಗೇ ಸಾಹೇಬರು ತುಲನಾ ಪತ್ರ ಬರೆಯಲು ಹೇಳಿದ್ದರು. ಆಕೆ ಬೇಡವೆಂದಳು. ಒಬ್ಬರು ಗಂಡ, ಒಬ್ಬಳು ತಂಗಿ, ನಾನು ಹೇಗೆ ಬರೆಯಲಿ ಸಾರ್ ಎಂದಳು. ಸಾಹೇಬರು ಕನ್ನಡಕ ಒರೆಸಿಕೊಂಡು, “ಎರಡು ಕಡೆಗೂ ಸಮ ನೆಂಟಸ್ತಿಕೆ. ನಿಮಗಿಂತ ನಿಷ್ಪಕ್ಷಪಾತಿ ಎಲ್ಲಿ ಸಿಗ್ತಾರೆ?” ಅಂದುಬಿಟ್ಟರು.

ಸಾಲುಗಳನ್ನು ಯಾವನೋ ಪುಣ್ಯಾತ್ಮ ಮೃಗಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದ. ಎತ್ತರ, ತೂಕ, ಬಣ್ಣ, ವಾಸಸ್ಥಳ, ಕಾಣುವ ಋತು, ಈ ಐದರವರೆಗೆ ಅಣಬೆ ಹೇಗೋ ದಾಟಿತು. ಆಮೇಲೆ ಬಂದವು: ಕಾಲುಗಳು, ಬಾಲ, ಹಲ್ಲು, ಕೂಗು, ನಡಿಗೆ, ಆಹಾರ, ಗೂಡು, ಮರಿಗಳು, ಶತ್ರು.

“ಅಣಬೆಯ ನಡಿಗೆ ಏನಂತ ಬರೀಲಿ?” ಎಂದು ಕೇಳಿದ್ದಳು ಗುಮಾಸ್ತರನ್ನು.

“ನಡೆಯತ್ತಾ?”

“ಇಲ್ಲ.”

“ಹಾಗಾದ್ರೆ ಇಲ್ಲ ಅಂತ ಬರೀರಿ ಚೀಟಿಯಮ್ಮ. ಸುಲಭ ಅಲ್ವಾ?”

“ಶತ್ರು? ಹುಳ ಇವೆ, ಜಿಂಕೆ ತಿನ್ನತ್ತೆ, ಅಳಿಲೇ ತಿನ್ನತ್ತೆ.”

“ಅಯ್ಯೋ, ಇದು ಮೇಣ ಕಣಮ್ಮ. ಮೇಣನ ಯಾರು ತಿಂತಾರೆ? ಇಲ್ಲ ಅಂತ ಬರೀರಿ.”

ಅವಳು ಬರೆದಳು. ಅಳಿಲಿನ ಅಂಕಣದಲ್ಲಿ ಸಾಲುಗಳು ತಾವಾಗಿಯೇ ತುಂಬಿಕೊಂಡವು. ಕೂಗು: ಚಿಟಿಚಿಟಿ, ಅಪಾಯ ಕಂಡಾಗ ಗದರಿಕೆ. ಆಹಾರ: ಕಾಯಿ, ಬೀಜ, ಮೊಗ್ಗು, ಅಣಬೆ. ಮರಿಗಳು: ಒಂದು ಸೂಲಿಗೆ ಮೂರೋ ನಾಲ್ಕೋ. ಶತ್ರು: ಗಿಡುಗ, ಕಾಡುಬೆಕ್ಕು. ಕೂಡಿಸಿದರೆ ಅಳಿಲಿಗೆ ಹದಿನಾಲ್ಕು, ಅಣಬೆಗೆ ಐದು. ಪೆನ್ನು ಸಹಿಯ ಜಾಗಕ್ಕೆ ಬಂದು ನಿಂತಿತು. ಏನೋ ತಪ್ಪಿದೆ ಅನ್ನಿಸಿತು. ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅದು ಎರಡು ದಿನ ಕಾಡಿತು. ಕೊನೆಯ ದಿನ ಸಂಜೆ ನಾಲ್ಕಕ್ಕೆ ಪತ್ರ ಒಪ್ಪಿಸಬೇಕು.

ಆ ದಿನ ಬೆಳಿಗ್ಗೆ ಅವಳು ಮೇಜಿಗೆ ಕೂತು ಶಾಯಿ ತುಂಬುತ್ತಿದ್ದಾಗಲೇ ತಂಗಿಯ ಕೂಗು ಕೇಳಿಸಿತು.

“ಅಕ್ಕಾ! ಹತ್ತೇ ಇವೆ!”

ತಂಗಿಯ ಕೆಲಸದ ಕೋಣೆ ವಸ್ತುಸಂಗ್ರಹಾಲಯದ ಹಿಂದಿನ ಅಂಗಳದ ಕಡೆ. ಕಿಟಕಿ ತೆರೆದಿತ್ತು. ಅಣಬೆಗಳನ್ನು ಅವಳು ಗಾಳಿಗೆಂದು ಕಿಟಕಿಯ ಹಾಸುಗಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದಳು. ಅಂಚಿನಲ್ಲಿದ್ದದ್ದು, ಟೊಪ್ಪಿಗೆ ಪೂರ್ತಿ ಅರಳಿದ್ದು, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮಾಯ.

“ನೆಲದಲ್ಲಿ ನೋಡಿದ್ಯಾ?”

“ನೆಲ ನೋಡಿದೆ, ಬುಟ್ಟಿ ನೋಡಿದೆ, ಕಿಟಕಿ ಹೊರಗೆ ಬಗ್ಗಿ ನೋಡಿದೆ. ನಿನ್ನ ಗಂಡನಿಗೆ ಹೇಳಕ್ಕ, ತೆಗೆದದ್ದನ್ನು ಮರ್ಯಾದೆಯಾಗಿ ತಂದಿಡಲಿ ಅಂತ.”

“ಏ, ಬಾಯಿಗೆ ಬಂದ ಹಾಗೆ ಆಡಬೇಡ. ಅವರು ಯಾಕೆ ತೆಗೀತಾರೆ?”

“ಹತ್ತಕ್ಕೆ ಗುಂಪು ನಿಲ್ಲಲ್ಲ ಅಂತ ಅವರಿಗೆ ಗೊತ್ತು. ಗುಂಪಿನಲ್ಲಿ ನಡುವೆ ನಿಲ್ಲೋದು ಅದೇ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಚೆಲ್ಲಾಪಿಲ್ಲಿ ಕಾಣತ್ತೆ.” ಅವಳ ಹೆಬ್ಬೆರಳು ಮೇಜಿನ ಅಂಚಿಗೆ ತಟತಟ ಬಡಿಯುತ್ತಿತ್ತು. ಅವಳು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಚೀಟಿಯಮ್ಮ ಹೊರಟಳು. ಓಣಿ ದಾಟಿದರೆ ಗಂಡನ ಕೋಣೆ. ಹತ್ತಿಯ ಚೀಲ, ತಂತಿಯ ಸುರುಳಿ, ಗಾಜಿನ ಕಣ್ಣುಗಳ ತಟ್ಟೆ. ಅಷ್ಟು ಕಣ್ಣುಗಳ ನಡುವೆ ಗಂಡನ ಎರಡು ಕಣ್ಣು ಹುಡುಕಿಕೊಂಡು ಮಾತಾಡಬೇಕು.

“ರೀ, ಒಂದು ಅಣಬೆ ಕಾಣ್ತಿಲ್ಲವಂತೆ.”

ಅವರು ಅಳಿಲಿನ ಕಿವಿಯ ಕೂದಲನ್ನು ಬ್ರಷ್ಷಿನಿಂದ ಎಬ್ಬಿಸುತ್ತಿದ್ದರು. “ನಾನು ತಗೊಂಡೆ ಅಂದಳಾ?”

“ಹಾಗೆ ಅಂತ ಅಲ್ಲ...”

“ಅಂದಳಾ ಇಲ್ವಾ?”

“ಅಂದಳು.”

ಅವರು ಬ್ರಷ್ ಕೆಳಗಿಟ್ಟರು. ಸಿಟ್ಟು ಬಂದರೆ ಕೂಗಾಡುವ ಜಾತಿಯವರಲ್ಲ, ಮೆಲ್ಲಗಾಗುತ್ತಾರೆ. “ನಿನ್ನ ತಂಗಿಗೆ ಹೇಳು. ಮೂವತ್ತು ವರ್ಷದಲ್ಲಿ ನಾನು ಇನ್ನೊಬ್ಬರ ಕೆಲಸಕ್ಕೆ ಕೈ ಹಚ್ಚಿದವನಲ್ಲ.” ಹೇಳಿ ಯಾಕೋ ಅರ್ಧಕ್ಕೆ ನಿಲ್ಲಿಸಿದರು. ಕೆಮ್ಮಿದರು. “ಹುಡುಕಿಕೋ. ಡ್ರಾಯರ್ ಎಲ್ಲ ತೆಗೆದು ನೋಡು. ಹತ್ತಿ ಬಿಚ್ಚಿ ನೋಡು. ನನ್ನ ಹೊಟ್ಟೆ ಕೊಯ್ದು ನೋಡು.”

“ನಿಮ್ಮ ಹೊಟ್ಟೆಯಲ್ಲೂ ಹತ್ತಿಯೇ ಇರಬೇಕು. ಮೂರು ವಾರದಿಂದ ಒಂದು ಮಾತು ಅದರೊಳಗೆ ಇಳೀತಿಲ್ಲ.”

ಆದರೂ ಹುಡುಕಿದಳು. ಹುಡುಕದೆ ವಾಪಸು ಹೋದರೆ ತಂಗಿ ಕೇಳುತ್ತಾಳೆ, ಹುಡುಕಿದರೆ ಗಂಡ ನೊಂದುಕೊಳ್ಳುತ್ತಾರೆ. ದೇವರೇ, ನನ್ನನ್ನೇ ಅಟ್ಟಕ್ಕೆ ಹಾಕಿಬಿಡಪ್ಪ ಎಂದು ಒಳಗೊಳಗೇ ಬೇಡಿಕೊಂಡಳು. ಮೂರನೆಯ ಡ್ರಾಯರ್ ಮುಚ್ಚಿ ತಲೆಯೆತ್ತಿದಾಗ ಕಿಟಕಿಯಾಚೆ ಏನೋ ಕೆಂಪಗೆ ಹರಿದ ಹಾಗಾಯಿತು.

ಅಂಗಳದ ದೊಡ್ಡ ಮರದಲ್ಲಿ, ಮೊದಲ ಕವಲಿನ ಮೇಲೆ, ಒಂದು ಅಳಿಲು. ಜೀವಂತ ಅಳಿಲು. ಮುಂಗಾಲುಗಳಲ್ಲಿ ಏನನ್ನೋ ಹಿಡಿದು ಕೊಂಬೆಯ ಸಂದಿಗೆ ಒತ್ತುತ್ತಿತ್ತು. ಒತ್ತಿತು, ಹಿಂದೆ ಸರಿದು ನೋಡಿತು, ಸಮಾಧಾನವಾಗಲಿಲ್ಲ, ತೆಗೆದು ತಿರುಗಿಸಿ ಮತ್ತೆ ಒತ್ತಿತು. ಅದರ ಪಕ್ಕದ ಕವಲುಗಳಲ್ಲಿ ಬಾಡಿದ ನಾಲ್ಕಾರು ಅಣಬೆಗಳು ತೂಗುತ್ತಿದ್ದವು. ಚಳಿಗಾಲಕ್ಕೆಂದು ಒಣಗಲು ಇಟ್ಟದ್ದು. ಈ ಜಾತಿಯ ಅಳಿಲುಗಳ ಪದ್ಧತಿಯೇ ಅದು, ಚೀಟಿಯಲ್ಲಿ ಅವಳೇ ಬರೆದಿದ್ದಾಳೆ. ಅವುಗಳ ನಡುವೆ ಒಂದು ಮಾತ್ರ ತಾಜಾ, ದುಂಡಗೆ, ಕಂದು ಟೊಪ್ಪಿಗೆಯ ಮೇಲೆ ಬೆಳಗಿನ ಬೆಳಕು.

“ರೀ,” ಎಂದಳು. “ರೀ, ಇಲ್ಲಿ ಬನ್ನಿ.”

ಅವರು ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಕಾವಲುಗಾರನ ಏಣಿ ತಂದರು.

“ಈ ವಯಸ್ಸಲ್ಲಿ ಮರ ಹತ್ತಬೇಡಿ, ಮಂಡಿ ನೋವು ಅಂತ ರಾತ್ರಿಯೆಲ್ಲ ನನ್ನ ಪ್ರಾಣ ತಿಂತೀರಿ!” ಎಂದು ಚೀಟಿಯಮ್ಮ ಕೆಳಗೆ ನಿಂತು ಕೂಗಿದಳು. ತಂಗಿ ತನ್ನ ಕಿಟಕಿಯಿಂದ ತಲೆ ಹಾಕಿದಳು. ಅಳಿಲು ಮೇಲಿನ ಕೊಂಬೆಗೆ ಹಾರಿ ಅವರನ್ನು ಚಿಟಿಚಿಟಿ ಬಯ್ಯತೊಡಗಿತು. ತನ್ನ ಮನೆಯ ಮುಂದೆ ಯಾರೋ ಗಾಡಿ ನಿಲ್ಲಿಸಿದಾಗ ಬಯ್ಯುವ ಹೆಂಗಸಿನ ಹಾಗೆ, ಉಸಿರು ಬಿಡದೆ.

ಗಂಡ ಇಳಿದು ಬಂದು ಅಂಗೈ ತೆರೆದರು. ಟೊಪ್ಪಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ಎರಡು ಗೀರು. ಸ್ವಲ್ಪ ಆಚೆಗೆ ಮತ್ತೆ ಎರಡು.

“ಎರಡು ಸಲ ಕಚ್ಚಿದೆ,” ಎಂದರು, ಯಾರಿಗೆ ಅಂತಿಲ್ಲದೆ. “ಕಚ್ಚಿದ ಮೇಲೂ ಗೊತ್ತಾಗಿಲ್ಲ ಅದಕ್ಕೆ.”

“ಗೊತ್ತಾಗಲ್ಲ,” ಎಂದಳು ತಂಗಿ ಕಿಟಕಿಯಿಂದಲೇ, ಅಕ್ಕನ ಕಡೆ ನೋಡುತ್ತಾ. “ಮೇಣದ ಹೊಳಪು ಸಾಯಲಿ ಅಂತ ನಿಜವಾದ ಅಣಬೆ ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ ಮೇಲೆ ಉದುರಿಸ್ತೀನಿ. ವಾಸನೆ ಅದರದ್ದೇ. ಕೆಲವರು ಆಟದ ಸಾಮಾನು ಅಂದ್ರು, ಅಳಿಲಿಗೆ ಹಾಗನ್ನಿಸಲಿಲ್ಲವಂತೆ ಅಂತ ಹೇಳಕ್ಕ.”

ಚೀಟಿಯಮ್ಮ ಹೇಳಲಿಲ್ಲ. ಅವಳು ಮರವನ್ನು ನೋಡುತ್ತಿದ್ದಳು. ಬಯ್ಯುತ್ತಿದ್ದ ಅಳಿಲನ್ನು ನೋಡಿದಳು, ಆಮೇಲೆ ಗಂಡನ ಕೋಣೆಯ ಕಿಟಕಿಯೊಳಗೆ ಮೇಜಿನ ಮೇಲೆ ಕೂತಿದ್ದ ಅಳಿಲನ್ನು ನೋಡಿದಳು. ಅದು ಬಯ್ಯುತ್ತಿರಲಿಲ್ಲ. ಹಲ್ಲಿನ ಸಂದಿಯ ನಾರು ಆಗ ಸಿಕ್ಕಿತು.

ಅವಳು ಸರಸರ ಒಳಗೆ ಹೋಗಿ ತುಲನಾ ಪತ್ರ ತೆಗೆದಳು. ಅಣಬೆಯೆಂದರೆ ಮೇಣದ್ದು ಎಂದು ಗುಮಾಸ್ತರು ಹೇಳಿದರು, ಅವಳು ಕೇಳಿದಳು. ಅಳಿಲು ಎಂದರೆ ಮಾತ್ರ ಕಾಡಿನದ್ದು ಎಂದು ಯಾರೂ ಹೇಳದೆಯೇ ಬರೆದಳು! ಕಪಾಟಿನೊಳಗೆ ಹೋಗುವ ಅಳಿಲು ಯಾವಾಗ ಕೂಗಿತು, ಯಾವಾಗ ಗೂಡು ಕಟ್ಟಿತು? ಇಪ್ಪತ್ತೆರಡು ವರ್ಷ ತಿಳಿದದ್ದನ್ನು ಮಾತ್ರ ಬರೆದೆ ಎಂದು ಬೀಗಿದವಳು, ಮನೆಯ ಜಗಳದ ಗದ್ದಲದಲ್ಲಿ ಕಣ್ಣೆದುರಿನ ವಸ್ತುವನ್ನೇ ನೋಡದೆ ಬರೆದುಬಿಟ್ಟಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಪಿತ್ತ ನೆತ್ತಿಗೇರಿತು.

ಹೊಸ ಹಾಳೆ ಎಳೆದುಕೊಂಡು ಗಂಡನ ಮೇಜಿನ ಎದುರು ಕುರ್ಚಿ ಹಾಕಿ ಕೂತಳು. ಗಂಡ ಹಿಂದೆಯೇ ಬಂದರು. ಅಣಬೆ ಅವರ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳಲು ತಂಗಿಯೂ ಬಂದು ಬಾಗಿಲಲ್ಲಿ ನಿಂತಳು.

“ಕೂಗು?” ಎಂದಳು ಚೀಟಿಯಮ್ಮ, ಹತ್ತಿ ತುಂಬಿದ ಅಳಿಲನ್ನು ಪೆನ್ನಿನಿಂದ ತೋರಿಸಿ.

“ಯಾರದ್ದು?”

“ಇದರದ್ದು. ಕೂಗತ್ತಾ?”

“ಏನೇ ಆಗಿದೆ ನಿನಗೆ? ಇದು ಸತ್ತು ಒಂದು ವರ್ಷ ಆಯ್ತು.”

“ಹಾಗಾದ್ರೆ ಇಲ್ಲ. ಆಹಾರ? ಇಲ್ಲ. ನಡಿಗೆ, ಗೂಡು, ಮರಿ, ಇಲ್ಲ, ಇಲ್ಲ, ಇಲ್ಲ. ಹಲ್ಲು?”

“ಬಾಯಿ ಹೊಲಿದಿದ್ದೀನಲ್ಲ, ಹಲ್ಲು ಹೇಗೆ ಕಾಣತ್ತೆ?”

“ಇಲ್ಲ. ಶತ್ರು? ನುಸಿ ಅಂತ ಬರೀಲಾ?”

ಗಂಡನಿಗೆ ಅವಮಾನವಾಯಿತು. “ನುಸಿ! ನನ್ನ ಕೆಲಸಕ್ಕೆ ನುಸಿ! ನಾನು ಹಚ್ಚಿದ ಔಷಧಿಗೆ ನುಸಿ ಮೂಸಿಯೂ ನೋಡಲ್ಲ. ಇಲ್ಲ ಅಂತ ಬರಿ.”

“ಇಲ್ಲ,” ಎಂದು ಬರೆದಳು. “ಒಂದು ಅಂಕ ನೀವೇ ಕಳ್ಕೊಂಡ್ರಿ. ಅಣಬೆಯ ಶತ್ರು: ಅಳಿಲು. ಎದುರಿಗೇ ಕಂಡದ್ದು, ಹಲ್ಲಿನ ಗುರುತಿದೆ. ಒಂದು ಅಂಕ.”

ಕೂಡಿಸಿದಳು. ಅಣಬೆಗೆ ಆರು. ಅಳಿಲಿಗೆ ಮೊದಲ ಐದು ಸಾಲಿನ ಐದು, ಕಾಲುಗಳಿಗೆ ಒಂದು, ಬಾಲಕ್ಕೆ ಒಂದು. ಏಳು.

ಹೊರಗೆ ಅಳಿಲು ಇನ್ನೂ ಬಯ್ಯುತ್ತಲೇ ಇತ್ತು.

“ಏಳು,” ಎಂದು ಇನ್ನೊಮ್ಮೆ ಕೂಡಿಸಿ ಹೇಳಿದಳು ಚೀಟಿಯಮ್ಮ. “ಇದಕ್ಕಿಂತ ಹೆಚ್ಚು ನಾನು ಮಾಡಕ್ಕಾಗಲ್ಲ ಕಣೇ. ಇರೋದನ್ನ ಇಲ್ಲ ಅನ್ನಕ್ಕಾಗಲ್ಲ. ನಾಲ್ಕು ಕಾಲು ಕಣ್ಣಿಗೆ ಕಾಣ್ತಿದೆ, ಬಾಲ ಕಾಣ್ತಿದೆ.”

ತಂಗಿ ತಲೆಯಾಡಿಸಿದಳು. ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

ಚೀಟಿಯಮ್ಮ ಸಹಿ ಮಾಡಲು ಬಗ್ಗಿದಳು. ಹೆಸರಿನ ಮೊದಲ ಅಕ್ಷರ ಬಿತ್ತು.

“ತಡಿ,” ಎಂದರು ಗಂಡ.

ಅವರು ಅಣಬೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅಳಿಲನ್ನು ಎತ್ತಿ ಮಡಿಲಲ್ಲಿ ಅಂಗಾತ ಮಲಗಿಸಿಕೊಂಡರು. “ಬಾಲ ಇದರದ್ದಲ್ಲ,” ಎಂದರು. “ಇದು ಸಿಕ್ಕಾಗ ಬಾಲ ಅರ್ಧ ಹೋಗಿತ್ತು. ಇದು ಇನ್ನೊಂದು ಅಳಿಲಿನ ಬಾಲ. ಹೊಲಿಗೆ ಇಲ್ಲಿದೆ, ಕೂದಲ ಕೆಳಗೆ.”

“ರೀ!”

“ಬರಿ. ನಿನ್ನ ಸಹಿ ಇರತ್ತೆ ಕೆಳಗೆ. ಕಾಲು...” ಇಲ್ಲಿ ಅವರಿಗೆ ಮಾತು ಕಷ್ಟವಾಯಿತು. ಹೆಂಡತಿಯ ಕಡೆ ನೋಡಿದರು. ಅವಳು ಬೇಕೆಂದೇ ಬೇರೆ ಕಡೆ ತಿರುಗಿಕೊಂಡಳು. ಬೇರೆ ದಾರಿಯಿಲ್ಲದೆ ಅವರು ಬಾಗಿಲ ಕಡೆ ತಿರುಗಿ, ಮೂರು ವಾರದಲ್ಲಿ ಮೊದಲ ಸಲ ನೇರವಾಗಿ, “ನೋಡಮ್ಮ,” ಎಂದರು. “ಮುಂದಿನ ಎಡಗಾಲಿನ ಪಾದ ಇರಲಿಲ್ಲ. ಮೇಣದಲ್ಲಿ ಮಾಡಿದ್ದು.”

“ಯಾರ ಮೇಣ?” ಎಂದಳು ತಂಗಿ.

“ನಿಂದೇ.”

“ನನ್ನ ಡಬ್ಬಿಯಿಂದ?”

“ಸ್ವಲ್ಪವೇ. ಒಂದು ಹೆಬ್ಬೆರಳಷ್ಟು.”

“ಭಾವ! ಹೋದ ವರ್ಷ ಡಬ್ಬಿಯಲ್ಲಿ ಗುಳಿ ಬಿದ್ದಿದೆ, ಇಲಿ ತಿಂದಿದೆ ಅಂತ ನಾನು ಕೋಣೆಯೆಲ್ಲ ತೊಳೆದೆ! ಬಕೆಟ್ ತಂದುಕೊಟ್ಟೋರು ನೀವೇ!”

“ತಂದುಕೊಟ್ಟೆ. ಪಾಪಪ್ರಜ್ಞೆಯಿಂದ ತಂದುಕೊಟ್ಟೆ.”

ತಂಗಿ ಬಂದು ಅಳಿಲಿನ ಎಡಗಾಲನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಕಣ್ಣು ಕಿರಿದು ಮಾಡಿ ಉಗುರುಗಳನ್ನು ಎಣಿಸಿದಳು. “ಐದು ಬೆರಳು ಮಾಡಿದ್ದೀರಿ. ಅಳಿಲಿಗೆ ಮುಂಗಾಲಲ್ಲಿ ನಾಲ್ಕಲ್ವಾ?”

“ಐದನೇದು ಚಿಕ್ಕದಿರತ್ತೆ, ಮೊಳಕೆ ಥರ.”

“ಮೊಳಕೆ ಇಷ್ಟುದ್ದ ಇರತ್ತಾ? ಕೇಳಿದ್ರೆ ನಾನೇ ಮಾಡಿಕೊಡ್ತಿದ್ದೆ. ಕದ್ದೂ ಕೆಡಿಸಿದ್ದೀರಿ.”

ಚೀಟಿಯಮ್ಮ ಎರಡು ಸಾಲು ಹೊಡೆದು ಹಾಕಿದಳು. ಕಾಲುಗಳು: ಪೂರ್ತಿ ಇಲ್ಲ, ಅಂಕವಿಲ್ಲ. ಬಾಲ: ಸ್ವಂತದ್ದು ಇಲ್ಲ, ಅಂಕವಿಲ್ಲ. ಅಳಿಲಿಗೆ ಐದು, ಅಣಬೆಗೆ ಆರು. ಸಹಿಯ ಉಳಿದ ಅಕ್ಷರಗಳನ್ನು ಬರೆದು ಗುಮಾಸ್ತರ ಬಳಿಗೆ ಹೊರಟಳು.

ಗುಮಾಸ್ತರು ಓದಿದರು. “ಅಳಿಲಿಗೆ ಕೂಗಿಲ್ಲವಾ ಚೀಟಿಯಮ್ಮ?”

“ಹೋಗಿ ಕೇಳಿಸಿಕೊಂಡು ಬನ್ನಿ.”

“ಹಿಂದಿನ ಪತ್ರದಲ್ಲಿ ಇದೆ ಅಂತ ಇತ್ತಲ್ಲ.”

“ಹಿಂದಿನದ್ದು ತಪ್ಪು. ನನ್ನ ತಪ್ಪು. ಖಾಲಿ ಬಿಟ್ಟಿದ್ದೀನಾ? ಇಲ್ಲವಲ್ಲ. ಮುದ್ರೆ ಒತ್ತಿ.”

ಅವಳ ಮುಖ ನೋಡಿ ಅವರು ಒತ್ತಿದರು. ಸಾಹೇಬರು ಎರಡು ಮೊತ್ತ ಮಾತ್ರ ನೋಡಿ ಸಹಿ ಹಾಕಿದರು. ಮೇಲಿನ ಸಾಲುಗಳನ್ನು ಅವರು ಎಂದೂ ಓದಿದವರಲ್ಲ.

ನಾಲ್ಕೂವರೆಗೆ ತಂಪುಕೋಣೆಯ ಕಪಾಟು ತೆರೆಯಿತು. ತಂಗಿ ಒಂದೊಂದಾಗಿ ಹತ್ತು ಅಣಬೆ ಇಟ್ಟಳು. ಕೈ ನಡುಗಿದಾಗ ಭಾವ ಕೆಳಗಿನಿಂದ ಅಂಗೈ ಹಿಡಿದರು. ಹನ್ನೊಂದನೆಯದನ್ನು ಇಡುವ ಮೊದಲು ಅವಳು ಕಾಯಿಸಿದ ಸೂಜಿ ಕೇಳಿದಳು.

“ಯಾಕೆ?”

“ಹಲ್ಲಿನ ಗೀರು ಮುಚ್ಚಬೇಕು.”

“ಹುಚ್ಚಾ ನಿನಗೆ? ಮುಟ್ಟಬೇಡ. ಇಡೀ ಕಪಾಟಿನಲ್ಲಿ ನಿಜವಾದದ್ದು ಅದೊಂದೇ.”

“ನಿಜವಾದದ್ದು ಅದೊಂದೇ ಅಂದ್ರೇನು ಭಾವ? ಉಳಿದ ಹತ್ತು ಏನು?”

“ಹಾಗಲ್ಲಮ್ಮ ನಾನು ಹೇಳಿದ್ದು...”

“ಮತ್ತೆ ಹೇಗೆ? ಬಿಡಿಸಿ ಹೇಳಿ.”

“ಲೇ, ನಿನ್ನ ತಂಗಿಗೆ ಹೇಳೇ,” ಎಂದು ಗಂಡ ತಿರುಗಿದರು.

ಚೀಟಿಯಮ್ಮ ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋಗುತ್ತಿದ್ದಳು.